ನಿರ್ದೋಷಿಯೆಂದು ಬಿಡುಗಡೆಗೊಂಡ ಸ್ಟಾರ್ಟರ್ ಮೋಟಾರಿಗೆ

ಬಿಳಿಯ ಹಳೆಯ ಡೀಸೆಲ್ ಕಾರಿನೊಳಗೆ, ಇಂಜಿನ್ನಿನ ಮಗ್ಗುಲಲ್ಲಿ, ಎಣ್ಣೆ ಮತ್ತು ಎರೆಮಣ್ಣಿನ ನಡುವೆ ಸ್ಥಿರವಾಸ ಮಾಡಿಕೊಂಡಿರುವ ಸ್ಟಾರ್ಟರ್ ಮೋಟಾರ್ ಅವರ ಸನ್ನಿಧಾನಕ್ಕೆ, ಕುಂದಗೋಳ ತಾಲೂಕಿನ ಸಂಶಿಯಿಂದ ಮಡಿವಾಳೆಪ್ಪನು ಕೈ ಜೋಡಿಸಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಈಗ ಕ್ಷೇಮವಾಗಿದ್ದೀರೆಂದು, ತಮ್ಮ ಹೊಟ್ಟೆ ಬಿಚ್ಚಿ ಹೊಸ ಬ್ರಶ್ಶುಗಳನ್ನು ಕೂರಿಸಿದ ಗ್ಯಾರೇಜಿನ ಹಾರೂನ್ ತಿಳಿಸಿದ್ದಾನೆ. ಇತ್ತ ನಾವೂ ಕ್ಷೇಮ, ನನ್ನ ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಎದ್ದಿರುವ ಬುಗುಟೊಂದನ್ನು ಬಿಟ್ಟರೆ. ಅದರ ವಿಚಾರ ಮುಂದೆ ಬರುತ್ತದೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಅಂಗಳದಲ್ಲಿ, ಓಣಿಯವರ ಸಮಕ್ಷಮದಲ್ಲಿ, ತಮ್ಮಲ್ಲಿ ಲವಲೇಶವೂ ದೋಷವಿಲ್ಲವೆಂದು ನಾನು ಏರುದನಿಯಲ್ಲಿ ತೀರ್ಪು ಕೊಟ್ಟಿದ್ದೆ. ಎಲ್ಲರೆದುರು ಕೊಟ್ಟ ತೀರ್ಪನ್ನು ಮೂಲೆಯಲ್ಲಿ ಕುಳಿತು ಹಿಂತೆಗೆದುಕೊಳ್ಳುವುದು ಸಭ್ಯತೆಯಲ್ಲ. ಆದ್ದರಿಂದ ಈ ಬಿನ್ನಹವನ್ನು ಊರೆಲ್ಲ ಓದಲಿ, ಓದಿ ನಗಲಿ. ನಗುವವರಲ್ಲಿ ಮೊದಲಿಗನ ಜಾಗವನ್ನು ನಾನೇ ಕಾಯ್ದಿರಿಸಿಕೊಂಡಿದ್ದೇನೆ.

ನನ್ನ ಪರಿಚಯ ತಮಗೆ ಇರಲಿಕ್ಕಿಲ್ಲ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟುವಾಗಿದ್ದೆ. ಒಂದು ವಿಷಯದ ಪರವಾಗಿ ಮಾತನಾಡಿ ಪಾರಿತೋಷಕ ಗೆದ್ದವನು, ಬೇರೊಂದು ಊರಿನಲ್ಲಿ ಅದೇ ವಿಷಯದ ವಿರುದ್ಧ ಅಷ್ಟೇ ನಿಷ್ಠೆಯಿಂದ ಮಾತನಾಡಿ ಇನ್ನೊಂದನ್ನು ಗೆದ್ದು ತಂದೆ. ಎಚ್ಚರಿಕೆಯ ಗಂಟೆ ಬಾರಿಸಿದ ಮೇಲೂ ನಿಲ್ಲದ ನಾಲಿಗೆ ಎಂದು ತೀರ್ಪುಗಾರರೊಬ್ಬರು ನನ್ನನ್ನು ಹೊಗಳಿದ್ದರು. ಅದು ಹೊಗಳಿಕೆಯಲ್ಲವೆಂದು ತಿಳಿಯುವಷ್ಟರಲ್ಲಿ ನನಗೆ ಮದುವೆಯಾಗಿತ್ತು. ಊರಿನವರು ನನ್ನನ್ನು ಕಂಡು ದಾರಿ ಬದಲಿಸುವುದು ಗೌರವದಿಂದ ಎಂದು ಬಹುಕಾಲದಿಂದ ನಂಬಿದ್ದೇನೆ, ಮತ್ತು ನನ್ನ ಹೆಂಡತಿ ಮಹಾದೇವಕ್ಕ ಆ ನಂಬಿಕೆಯನ್ನು ಕದಡಲು ಹೋಗಿಲ್ಲ. ಕಾರುಗಳ ವಿಷಯದಲ್ಲಿ ನನ್ನ ಅರ್ಹತೆಯೇನೆಂದರೆ, ನನಗೆ ಕಾರು ನಡೆಸಲು ಬರುವುದಿಲ್ಲ. ಪಕ್ಷಪಾತವಿಲ್ಲದ ತನಿಖೆಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಡವೆಂದು ನಾನು ವಾದಿಸಿದಾಗ ಯಾರೂ ಎದುರಾಡಲಿಲ್ಲ.

ಕಾರು ನನ್ನ ಮಗ ಕಲ್ಮೇಶನದು. ಸೊಸೆ ಮಹಾನಂದಾ, ಓಣಿಯ ರಾಮವ್ವ ಮತ್ತು ಮೈಲಾರವ್ವರನ್ನು ಕೂಡಿಸಿಕೊಂಡು ಖಡಕ್ ಜೋಳದ ರೊಟ್ಟಿ ಬಡಿಯುತ್ತಾಳೆ, ಶೇಂಗಾ ಚಟ್ನಿ ಕುಟ್ಟುತ್ತಾಳೆ. ಕಲ್ಮೇಶ ಅವನ್ನು ಕಾರಿನಲ್ಲಿ ಹೇರಿಕೊಂಡು ಗುಡಗೇರಿಯ ಸಂತೆಗೂ ಹುಬ್ಬಳ್ಳಿಯ ಖಾನಾವಳಿಗಳಿಗೂ ಮುಟ್ಟಿಸುತ್ತಿದ್ದ. ಈ ವರ್ಷ ಮುಂಗಾರಿನ ಹೊತ್ತಿಗೆ ಜ್ವರವೆಂದು ಮಲಗಿದವನು ಏಳಲಿಲ್ಲ. ಈ ವಿಷಯದಲ್ಲಿ ನನ್ನ ಬಳಿ ಪರವೂ ಇಲ್ಲ, ವಿರೋಧವೂ ಇಲ್ಲ. ಆದ್ದರಿಂದ ಮುಂದಿನ ಕಂಡಿಕೆಗೆ ಹೋಗುತ್ತೇನೆ.

ಅಂದಿನಿಂದ ಅಂಗಳದ ಬೇವಿನ ಗಿಡದ ಕೆಳಗೆ ನಿಂತ ಕಾರು ಕೀಲಿ ತಿರುವಿದರೆ ಮಿಸುಕದಾಯಿತು. ತಿರ್ಲಾಪುರದಿಂದ ಸೊಸೆಯ ತಮ್ಮ ಸಂಗನಬಸವ ಬಂದ. ಒಳ್ಳೆಯ ಹುಡುಗ, ದನಿ ಮಾತ್ರ ಹತ್ತಿಯ ಹೊಲದ ಆ ತುದಿಗೆ ಕೇಳಿಸುವಂಥದು. ಅಡುಗೆಮನೆಯಲ್ಲಿ ಅವನು ಅಕ್ಕನಿಗೆ ಹೇಳಿದ್ದು ಪಡಸಾಲೆಯಲ್ಲಿದ್ದ ನನಗೆ ಬೇಡವೆಂದರೂ ಕೇಳಿಸಿತು. "ಅಕ್ಕಾ, ಗಾಡಿ ಚಾಲೂ ಆಗವಲ್ದು, ರೊಟ್ಟಿ ಯಾಪಾರ ನಿಂತೈತಿ. ತಳ್ಳಿ ಚಾಲೂ ಮಾಡ್ಕೋತೇನಂತಿ. ಸಂತ್ಯಾಗ ಗಾಡಿ ತಳ್ಳಾಕ ದಿನಾ ನಾಕ್ ಮಂದಿ ಗಂಡಸರನ್ನ ಹುಡುಕ್ಕೋತ ನಿಂದರಾಕಿ ಏನು? ಸುಮ್ನ ನಮ್ಮೂರಿಗೆ ನಡಿ." ಅದಕ್ಕೆ ಅವಳ ಉತ್ತರ ಸಣ್ಣದಾಗಿತ್ತು. "ಬರೂ ಸಂತಿ ತನಕಾ ತಡಿಯೋ ತಮ್ಮಾ. ಗಾಡಿ ತಾನ ಚಾಲೂ ಆತಂದ್ರ ಇಲ್ಲೇ ಇರಾಕಿ. ಆಗಲಿಲ್ಲಂದ್ರ ಗಂಟು ಕಟ್ಟಾಕಿ."

ಇರು ಮಗಳೇ ಎಂದು ನಾನು ಎದ್ದು ಹೋಗಿ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೇಳಬೇಡಿ. ನಮ್ಮ ಮನೆತನದಲ್ಲಿ ಮಾವ ಮತ್ತು ಸೊಸೆ ನೇರವಾಗಿ ಮಾತನಾಡುವ ಪದ್ಧತಿಯಿಲ್ಲ. ನನ್ನ ಮಾತು ಮಹಾದೇವಕ್ಕನಿಗೆ, ಅವಳಿಂದ ಸೊಸೆಗೆ. ಸೊಸೆಯ ಮಾತು ಅದೇ ಹಾದಿಯಿಂದ ಹಿಂದಕ್ಕೆ. ಮಹಾನಂದಾ ಈ ಮನೆಗೆ ಬಂದಾಗಿನಿಂದ ನಾವಿಬ್ಬರೂ ಇದನ್ನು ಚಾಚೂತಪ್ಪದೆ ನಡೆಸಿಕೊಂಡು ಬಂದಿದ್ದೇವೆ. ಸಾವಿರ ಜನರೆದುರು ತೊದಲದ ನಾಲಿಗೆಗೆ ಅಡುಗೆಮನೆಯ ಹೊಸ್ತಿಲು ದಾಟಲು ಪರವಾನಗಿಯಿಲ್ಲ. ಹೀಗಾಗಿ, ಇರು ಎನ್ನುವ ಬದಲು, ತಮ್ಮನ್ನು ರಿಪೇರಿ ಮಾಡಿಸುವ ದೀರ್ಘವಾದ ದಾರಿಯನ್ನು ನಾನು ಹಿಡಿದೆ.

ಮೊದಲು ಹಾರೂನನನ್ನು ಕರೆಸಿದೆ. ಅವನು ಬಾನೆಟ್ ಎತ್ತಿ, ಬ್ಯಾಟರಿಗೆ ಇನ್ನೊಂದು ಬ್ಯಾಟರಿಯನ್ನು ಜೋಡಿಸಿ, ಕೀಲಿ ತಿರುವಿಸಿ ನೋಡಿ, ಕೈ ಒರೆಸಿಕೊಂಡು, "ಸ್ಟಾರ್ಟರ್ ಇರಬಹುದ್ರಿ ಕಾಕಾ. ಇಲ್ಲಾಂದ್ರ ಕೀಲಿ ಸ್ವಿಚ್ಚರ ಇರಬಹುದು. ಇಲ್ಲಾಂದ್ರ ಒಳಗಿಂದೊಳಗ ವೈರ್ ಕಟ್ ಆಗಿರಬಹುದು" ಎಂದ. ಮೂರು ಪಕ್ಷಗಳನ್ನು ಒಂದೇ ಉಸಿರಿನಲ್ಲಿ ಹಿಡಿಯುವ ವಾದಿಯನ್ನು ನಾನು ಜನ್ಮದಲ್ಲಿ ಸಹಿಸಿದವನಲ್ಲ. ಯಾವುದಾದರೂ ಒಂದನ್ನು ಹಿಡಿ, ಹಿಡಿದದ್ದಕ್ಕೆ ಆಧಾರ ಕೊಡು ಎಂದು ಕೇಳಿದೆ. ಅವನು ಸ್ಟಾರ್ಟರ್ ಎಂದ. ಸ್ವಿಚ್ ಏಕಲ್ಲ ಎಂದೆ. ಸ್ವಿಚ್ ಎಂದ, ಹಾಗಾದರೆ ಸ್ಟಾರ್ಟರಿನ ಮೇಲೆ ಹೊರಿಸಿದ ಆರೋಪದ ಗತಿಯೇನು ಎಂದೆ. ಕೊನೆಗೆ ಅವನು, "ಕಾಕಾ, ನೀವ ಗೆದ್ರಿ. ಗಾಡಿ ಮಾತ್ರ ಚಾಲೂ ಆಗ್ಲಿಲ್ಲ ನೋಡ್ರಿ" ಎಂದು ತನ್ನ ಸ್ಪ್ಯಾನರು-ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ನಾನು ಗೆದ್ದೆನೆಂಬ ಅರ್ಧವನ್ನು ಮಾತ್ರ ಕೇಳಿಸಿಕೊಂಡು ಆ ಮಧ್ಯಾಹ್ನ ಸುಖವಾಗಿ ಊಟ ಮಾಡಿದೆ.

ಮರುದಿನದಿಂದ ತನಿಖೆಯನ್ನು ನಾನೇ ಕೈಗೆತ್ತಿಕೊಂಡೆ. ಹುಬ್ಬಳ್ಳಿಯಿಂದ ವೋಲ್ಟು ಅಳೆಯುವ ಒಂದು ಮೀಟರ್ ತರಿಸಿದೆ. ಕೀಲಿ ತಿರುವಿದಾಗ ಒಂದು ಸಪೂರ ವೈರಿನಲ್ಲಿ ತಮಗೆ ಆಜ್ಞೆ ಬರುತ್ತದೆಂದೂ, ಆ ವೈರಿನ ತುದಿಗೆ ಮೀಟರಿನ ಕೆಂಪು ಕಡ್ಡಿ ಮುಟ್ಟಿಸಿದರೆ ಹನ್ನೆರಡರ ಸುಮಾರು ತೋರಿಸಬೇಕೆಂದೂ, ತೋರಿಸಿಯೂ ತಾವು ತಿರುಗದಿದ್ದರೆ ತಪ್ಪು ತಮ್ಮದೆಂದೂ, ಏನೂ ತೋರಿಸದಿದ್ದರೆ ಆಜ್ಞೆಯೇ ತಮಗೆ ತಲುಪಿಲ್ಲವೆಂದೂ ಓದಿ ತಿಳಿದುಕೊಂಡೆ. ಎಂಥ ನ್ಯಾಯಬದ್ಧವಾದ ಪರೀಕ್ಷೆ! ಇದರಲ್ಲಿ ಎಡವಲು ಅಸಾಧಾರಣ ಪ್ರತಿಭೆ ಬೇಕು. ಅದು ನಮ್ಮ ಮನೆಯಲ್ಲಿ ಧಾರಾಳವಾಗಿತ್ತು.

ಪರೀಕ್ಷೆಗೆ ಇಬ್ಬರು ಬೇಕು. ಕಾರು ನಡೆಸಬಲ್ಲವಳು ಮಹಾನಂದಾ ಒಬ್ಬಳೇ. ಕಲ್ಮೇಶನೇ ಅವಳಿಗೆ ಹೊಲದ ದಾರಿಯಲ್ಲಿ ಕಲಿಸಿದ್ದ. ಆದ್ದರಿಂದ ಅವಳು ಒಳಗೆ ಕೀಲಿಯ ಬಳಿ, ನಾನು ಎತ್ತಿದ ಬಾನೆಟ್ಟಿನ ಕೆಳಗೆ ತಮ್ಮ ಬಳಿ, ಮತ್ತು ಪದ್ಧತಿಯಂತೆ ಮಹಾದೇವಕ್ಕ ನಡುವೆ, ಅಡುಗೆಮನೆಯ ಬಾಗಿಲಲ್ಲಿ, ಒಂದು ಕಣ್ಣು ಒಲೆಯ ಮೇಲಿನ ಹಂಚಿನ ಕಡೆಗಿಟ್ಟು. ಕೀಲಿ ತಿರುವಲು ಹೇಳು ಎಂದು ನಾನು ಮಹಾದೇವಕ್ಕನಿಗೆ ಹೇಳುವುದು. ಅವಳು, "ಮಹಾನಂದಾ, ಕೀಲಿ ತಿರುವ್ಬೇಕಂತವಾ" ಎನ್ನುವುದು. ಮಹಾನಂದಾ ತಿರುವಿ, "ತಿರುವೇನಿ ಅನ್ರಿ ಅತ್ತೀ" ಎನ್ನುವುದು. ಮಹಾದೇವಕ್ಕ ರೊಟ್ಟಿಯೊಂದನ್ನು ಮಗುಚಿ ಹಾಕಿ ಬಂದು, "ತಿರುವ್ಯಾಳಂತ್ರೀ" ಎಂದು ನನಗೆ ವರದಿ ಒಪ್ಪಿಸುವುದು. ವರದಿ ಅಧಿಕೃತವಾಗಿ ಕೈಸೇರಿದ ಮೇಲೆಯೇ ನಾನು ಕೆಂಪು ಕಡ್ಡಿಯನ್ನು ವೈರಿಗೆ ಮುಟ್ಟಿಸುತ್ತಿದ್ದೆ. ಕೀಲಿಯನ್ನು ಬಹಳ ಹೊತ್ತು ಹಿಡಿಯಬಾರದೆಂದು ಗಂಡನಿಂದ ಕಲಿತಿದ್ದ ಮಹಾನಂದಾ, ಅಷ್ಟರಲ್ಲಿ ಅದನ್ನು ಬಿಟ್ಟು ಕೈಕಟ್ಟಿ ಕುಳಿತಿರುತ್ತಿದ್ದಳು. ಮೀಟರ್ ಸೊನ್ನೆ ತೋರಿಸುತ್ತಿತ್ತು. ಮತ್ತೆ ಹೇಳಿದೆ, ಮತ್ತೆ ಸೊನ್ನೆ. ಸಂಜೆಯವರೆಗೆ ಸೊನ್ನೆ. ವಿಜ್ಞಾನ ಇಷ್ಟು ಸ್ಪಷ್ಟವಾಗಿ ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ.

ಅಲ್ಲಿಗೆ ತಮ್ಮ ನಿರ್ದೋಷಿತ್ವ ಸಾಬೀತಾಯಿತು. ಆಜ್ಞೆಯೇ ತಲುಪದವನು ಪಾಲಿಸುವುದೆಂತು? ನಾನು ಬೇವಿನ ಗಿಡದ ಕೆಳಗೆ ನಿಂತು, ರಾಮವ್ವ, ಮೈಲಾರವ್ವ ಹಾಗೂ ಸುಮ್ಮನೆ ಹಾಯ್ದು ಹೋಗುತ್ತಿದ್ದ ಇಬ್ಬರು ನೆರೆಯವರನ್ನು ಉದ್ದೇಶಿಸಿ, ನಿರಪರಾಧಿಯಾದ ಸ್ಟಾರ್ಟರನ್ನು ಶಂಕಿಸಿದ ಹಾರೂನನ ತರ್ಕದೋಷವನ್ನು ಎಳೆಎಳೆಯಾಗಿ ಬಿಡಿಸಿದೆ. ತಮ್ಮ ಸಹನೆಯನ್ನು ಕೊಂಡಾಡಿದೆ. ನಡುವೆ ಮಹಾದೇವಕ್ಕ, "ಕೀಲಿ ತಿರುವಿದಾಗ ಒಳಗ ಏನೋ ಟಕ್ ಅಂತೈತಂತ್ರಿ, ಆಕಿ ಹೇಳಾಕತ್ಯಾಳ" ಎಂದು ತಡೆದಳು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಹೇಳಿದರೆ ಅದು ಸಾಕ್ಷ್ಯವಾಗದು ಎಂದು ನಾನು ಆ ಟಕ್ಕನ್ನು ಕಡತದಿಂದ ತೆಗೆದುಹಾಕಿದೆ. ನನ್ನ ಕಿವಿಗೆ ಅದೇಕೆ ಕೇಳಿಸಲಿಲ್ಲವೆಂದರೆ, ಕೀಲಿ ತಿರುಗುವಾಗಲೆಲ್ಲ ನಾನು ಮಾತನಾಡುತ್ತಿದ್ದೆ. ರಾಮವ್ವ ಮಾತ್ರ, "ಯಪ್ಪಾ, ಗಾಡಿಗೂ ಇವ್ರ ಮಾತು ಕೇಳಿ ಜೋಂಪ ಹತ್ತಿರಬೇಕು ಬಿಡ" ಎಂದು ಮೈಲಾರವ್ವನ ಕಿವಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ತಮ್ಮನ್ನು ಬಿಡುಗಡೆ ಮಾಡಿದ ಮೇಲೆ ಉಳಿದವರನ್ನು ದಂಡಿಸಬೇಕಲ್ಲವೇ? ಕೀಲಿಯ ಸ್ವಿಚ್ಚನ್ನು ಬದಲಾಯಿಸಿದೆ, ಸೊನ್ನೆ. ವೈರನ್ನು ತುದಿಯಿಂದ ತುದಿಗೆ ಹೊಸದು ಎಳೆಸಿದೆ, ಸೊನ್ನೆ. ಫ್ಯೂಜುಗಳನ್ನು ಒಂದೊಂದಾಗಿ ಕಿತ್ತು, ಒರೆಸಿ, ಮತ್ತೆ ಕೂರಿಸಿದೆ. ಅದರ ನಂತರ ಒಳಗಿನ ದೀಪವೂ ಹೊತ್ತುವುದು ನಿಂತಿತು. ಸಜ್ಜನರಾದ ಆ ಬಿಡಿಭಾಗಗಳೆಲ್ಲ ಮಾಡದ ತಪ್ಪಿಗೆ ಗಡೀಪಾರಾಗುತ್ತಿರುವಾಗ, ಮಾನ್ಯರೇ, ಅಪರಾಧಿಗಳಾದ ತಾವು ಒಂದು ಮಾತು ಆಡಲಿಲ್ಲ. ಎಂಥೆಂಥ ಪ್ರತಿವಾದಿಗಳನ್ನು ನಾನು ಎದುರಿಸಿದ್ದೇನೆ. ಅವರೆಲ್ಲ ಮಾತನಾಡಿ ಸೋತರು. ಮಾತನಾಡದೆಯೇ ನನ್ನಿಂದ ನಿರ್ದೋಷಿ ಎಂಬ ತೀರ್ಪು ಪಡೆದವರು ತಾವೊಬ್ಬರೇ. ಇಂಥ ಮೌನವನ್ನು ಅಭ್ಯಾಸ ಮಾಡಿದ್ದರೆ ನಾನು ಎಲ್ಲಿಗೋ ಹೋಗಿ ಮುಟ್ಟುತ್ತಿದ್ದೆನೆಂದು ಮಹಾದೇವಕ್ಕನ ಅಭಿಪ್ರಾಯ.

ಸಂತೆಯ ಹಿಂದಿನ ದಿನ ಬಂದೇಬಿಟ್ಟಿತು. ನಾಳೆ ಹೊತ್ತೇರುವ ಮುನ್ನ ಟಂಟಂ ಆಟೋ ತೆಗೆದುಕೊಂಡು ಬರುವುದಾಗಿ ಸಂಗನಬಸವ ಫೋನಿನಲ್ಲಿ ಹೇಳಿದ್ದು ಓಣಿಗೆಲ್ಲ ತಿಳಿದಿತ್ತು. ಒಳಕೋಣೆಯಲ್ಲಿ ಸೊಸೆಯ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದ ಸಪ್ಪಳ ನನಗೆ ಕೇಳಿಸಿತು. ನಾನು ಮೀಟರ್ ಹಿಡಿದು ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿದೆ. ಮಹಾನಂದಾ ಬಂದು ಕೀಲಿಯ ಮುಂದೆ ಕುಳಿತಳು. ಕೀಲಿ ತಿರುವಲು ಹೇಳು ಎಂದು ನಾನು ಮೂರನೆಯ ಸಲ ಕೂಗುವಷ್ಟರಲ್ಲಿ ಮಹಾದೇವಕ್ಕನ ತಾಳ್ಮೆ ತೀರಿತು. "ನಾ ಏನ್ ನಿಮ್ಮ ಟಪಾಲ ಆಫೀಸೇನ್ರಿ? ಇಲ್ಲಿ ರೊಟ್ಟಿ ಹೊತ್ತಾಕತ್ತಾವು. ಬೇಕಾದ್ರ ನೀವ ಹೇಳ್ರಿ, ಬ್ಯಾಡಾದ್ರ ಗಿಡಕ್ಕ ಹೇಳ್ರಿ!" ಎಂದು ಅಡುಗೆಮನೆಯ ಕದವನ್ನು ದಢಾರನೆ ಹಾಕಿಕೊಂಡಳು.

ಅಂಗಳದಲ್ಲಿ ನಾವು ಮೂವರೇ ಉಳಿದೆವು: ಸೊಸೆ, ನಾನು, ತಾವು. ಸೊಸೆಯೊಂದಿಗೆ ನಾನು ಮಾತನಾಡುವಂತಿರಲಿಲ್ಲ. ಗಿಡದೊಂದಿಗೆ ಮಾತನಾಡಿದರೆ ಮೈಲಾರವ್ವ ಊರಿಗೆಲ್ಲ ಹೇಳುತ್ತಿದ್ದಳು. ಉಳಿದವರು ತಾವು. ನಾನು ಗಂಟಲು ಸರಿಪಡಿಸಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಕಬ್ಬಿಣವನ್ನು ಉದ್ದೇಶಿಸಿ, "ಮಾನ್ಯ ಸ್ಟಾರ್ಟರ್ ಮೋಟಾರ್ ಅವರೇ, ಈಗ ಕೀಲಿಯನ್ನು ತಿರುವುವುದು ಉಚಿತವೆಂದು ನನಗೆ ತೋರುತ್ತದೆ" ಎಂದೆ. ಕಾರಿನೊಳಗೆ ಕೀಲಿಯ ಗೊಂಚಲು ಗಿಲಕ್ಕೆಂದಿತು. ಆಮೇಲೆ ಮಹಾನಂದಾ, ತಾನೂ ತಮ್ಮನ್ನೇ ಉದ್ದೇಶಿಸಿ, "ಸ್ಟಾರ್ಟರಪ್ಪಾ, ನಾ ಕೀಲಿ ತಿರುವಿ ಗಟ್ಟಿ ಹಿಡದೀನಿ. ಬಿಡಾಂಗಿಲ್ಲ. ಮೀಟರ್ ಈಗ ಹಚ್ಚಿ ನೋಡ್ಬೇಕಂತ ಮಾಮಾರಿಗೆ ಹೇಳಪಾ. ಬಿಟ್ಟ ಮ್ಯಾಲೆ ನೋಡಿದ್ರ ಏನ್ ಕಾಣತೈತಿ, ಮಣ್ಣು?" ಎಂದಳು.

ಮುಟ್ಟಿಸಿದೆ. ಮೀಟರ್ ಹನ್ನೆರಡನ್ನು ತೋರಿಸಿತು.

ಮಾನ್ಯರೇ, ಆ ಅಂಕೆಯನ್ನು ನೋಡಿ ನನ್ನ ಸಮಸ್ತ ಪಾರಿತೋಷಕಗಳು ಕಪಾಟಿನೊಳಗೆ ಒಮ್ಮೆಲೆ ಮುಖ ತಿರುಗಿಸಿಕೊಂಡಂತಾಯಿತು. ಆಜ್ಞೆ ತಮಗೆ ತಲುಪುತ್ತಿತ್ತು. ಮೊದಲ ದಿನದಿಂದಲೂ ತಲುಪುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ತಮ್ಮ ಟಕ್ ಎಂಬ ಸದ್ದೂ ಆಗ ಕೇಳಿಸಿತು. "ಟಕ್ ಅಂದದ್ದು ಮಾಮಾರಿಗೆ ಕೇಳಿಸ್ತೇನು, ಕೇಳಪಾ," ಎಂದಳು ಅವಳು ತಮಗೆ. ಕೇಳಿಸಿತೆಂದು ತಿಳಿಸಿ ಎಂದು ನಾನೂ ತಮಗೇ ಹೇಳಿದೆ. ಆಗ ಅವಳು, ದನಿ ಸ್ವಲ್ಪ ತಗ್ಗಿಸಿ, "ಹಂಗಾದ್ರ ಪಾನಾದ್ಲೆ ನಿನ್ನ ಬೆನ್ನ ಮ್ಯಾಲೆ ಮೆಲ್ಲಕ ನಾಕ್ ಏಟು ಬಡೀಲಿ. ನಾ ಕೀಲಿ ಹಿಡದಿರ್ತೀನಿ. ಅವ್ರೂ ಹಂಗ ಮಾಡ್ತಿದ್ರು" ಎಂದಳು.

ಮುಂಗಾರಿನಿಂದ ಈಚೆಗೆ ನಮ್ಮ ಮನೆಯಲ್ಲಿ ಕಲ್ಮೇಶನ ಸುದ್ದಿಯನ್ನು ಯಾರೂ ನನ್ನೆದುರು ಎತ್ತಿರಲಿಲ್ಲ. ಸಾಂತ್ವನ ಹೇಳಬಂದವರನ್ನು ನಾನು ವಾದಕ್ಕೆಳೆದು ಸೋಲಿಸಿ ಕಳಿಸಿದ ಮೇಲೆ ಉಳಿದವರು ಬರುವುದನ್ನು ಬಿಟ್ಟಿದ್ದರು. ಈಗ ಅವನು, ಒಂದು ಪಾನಾ ಹಿಡಿದು, ಇದೇ ಬಾನೆಟ್ಟಿನ ಕೆಳಗೆ ಬಗ್ಗಿ, ತಮ್ಮ ಬೆನ್ನಿಗೆ ಬಡಿಯುತ್ತಿದ್ದನೆಂಬ ಸಂಗತಿ, ತಮ್ಮ ಮೂಲಕ ನನಗೆ ಬಂದು ಮುಟ್ಟಿತು. ನನ್ನ ಮಗ ಹೀಗೆ ಬಡಿಯುತ್ತಿದ್ದದ್ದು ತಮಗೆ ಗೊತ್ತಿತ್ತು, ಸೊಸೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಆ ಟಕ್ಕನ್ನು ಕಡತದಿಂದ ತೆಗೆಯದಿದ್ದರೆ ಈ ಮಾತೂ ಅಂದೇ ಅದರ ಬೆನ್ನಿಗೆ ಬರುತ್ತಿತ್ತೇನೋ. "ಅವನು ಎಲ್ಲಿ ಬಡಿಯುತ್ತಿದ್ದನೆಂದು ದಯವಿಟ್ಟು ತಿಳಿಸಬೇಕು" ಎಂದು ತಮ್ಮನ್ನು ಕೇಳಿದೆ. ವಾಕ್ಯ ವ್ಯಾಕರಣಬದ್ಧವಾಗಿತ್ತು, ದನಿಯ ಬಗ್ಗೆ ಅಷ್ಟು ಹೇಳಲಾರೆ. "ಹಿಂದಿನ ತುದೀಗೆ. ಬಡಿಯೂಮುಂದ ನಿನಗ ಬೈತಿದ್ರಲ್ಲಪಾ, ಅದನ್ನ ಮಾತ್ರ ಮಾಮಾರಿಗೆ ಹೇಳಬ್ಯಾಡ" ಎಂದಳು. ಅವಳು ನಕ್ಕಳೋ, ಅತ್ತಳೋ, ಬಾನೆಟ್ ಅಡ್ಡವಿದ್ದುದರಿಂದ ತೀರ್ಪು ಕೊಡಲಾರೆ. ನನ್ನ ಮುಖವೂ ಅವಳಿಗೆ ಕಾಣಲಿಲ್ಲ. ಬಾನೆಟ್ಟುಗಳ ಉಪಯೋಗ ನನಗೆ ಅಂದು ತಿಳಿಯಿತು.

ಕಲ್ಮೇಶನ ಪೆಟ್ಟಿಗೆಯಿಂದ ಪಾನಾ ತೆಗೆದು ಹಿಂದಿನ ತುದಿಗೆ ಬಡಿದೆ. ಒಂದಕ್ಕೆ ಏನೂ ಆಗಲಿಲ್ಲ. ಇನ್ನೊಂದಕ್ಕೆ ತಾವು ಕೆಮ್ಮಿದಿರಿ. ಮತ್ತೊಂದು ಬೀಳುವ ಮೊದಲೇ ತಾವು ಗರ್ರೆಂದು ತಿರುಗಿ, ಇಂಜಿನ್ ಭೋರಿಟ್ಟು, ನಾನು ಹೌಹಾರಿ ನೆಟ್ಟಗೆ ನಿಂತು, ಎತ್ತಿದ ಬಾನೆಟ್ಟಿನ ಅಂಚಿಗೆ ಹಣೆ ಕೊಟ್ಟೆ. ಬುಗುಟಿನ ವೃತ್ತಾಂತ ಇಷ್ಟೇ. ಸದ್ದಿಗೆ ಕದ ತೆರೆದು ಬಂದ ಮಹಾದೇವಕ್ಕ, ಹಣೆ ಹಿಡಿದು ನಿಂತ ಗಂಡನನ್ನೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಸೊಸೆಯನ್ನೂ ನೋಡಿ, "ಏನಾತು, ಇಬ್ರೂ ಬಡದಾಡಿದ್ರೇನು?" ಎಂದು ಕೇಳಿದಳು. ಮಧ್ಯಾಹ್ನವೇ ಕಾರು ಹಾರೂನನ ಗ್ಯಾರೇಜು ಸೇರಿತು. ತಮ್ಮೊಳಗೆ ಕರೆಂಟು ಮುಟ್ಟಿಸುವ ಬ್ರಶ್ಶುಗಳು ಸವೆದು ಕಡಲೆಬೇಳೆಯಷ್ಟಾಗಿದ್ದುವಂತೆ. ಅವನು ಅವನ್ನು ನನ್ನ ಅಂಗೈಗೆ ಹಾಕಿ, "ಆಧಾರ ಕೇಳಿದ್ರೆಲ್ಲಾ ಕಾಕಾ, ತಗೋರಿ" ಎಂದ. ಅವನು ಇನ್ನೆರಡು ಪಕ್ಷಗಳನ್ನೂ ಹಿಡಿದಿದ್ದನೆಂದು ನೆನಪಿಸಬೇಕೆನ್ನಿಸಿತು. ಹಣೆ ನೋಯುತ್ತಿದ್ದುದರಿಂದ ಸುಮ್ಮನಾದೆ.

ಈಗ ನನ್ನ ದೂರಿಗೆ ಬರುತ್ತೇನೆ. ಸಂತೆಯ ಬೆಳಗ್ಗೆ ಸಂಗನಬಸವ ಟಂಟಂ ತಂದು ನಮ್ಮ ಬಾಗಿಲಿಗೆ ಹಚ್ಚಿದ. ಮಹಾನಂದಾ ರೊಟ್ಟಿಯ ಗಂಟುಗಳನ್ನು ಕಾರಿಗೆ ಹೇರಿ, ಕುಳಿತು, ಅವನ ಕಣ್ಣೆದುರೇ ಕೀಲಿ ತಿರುವಿದಳು. ತಾವು ಅರೆಕ್ಷಣವೂ ತಡಮಾಡದೆ ಇಂಜಿನ್ನನ್ನು ಎಬ್ಬಿಸಿದಿರಿ. ಅವನು ಇನ್ನೊಮ್ಮೆ ಆರಿಸಿ ಚಾಲೂ ಮಾಡಿ ತೋರಿಸೆಂದ; ತೋರಿಸಿದಳು. "ನಾ ಇಲ್ಲೇ ಇರಾಕಿ ತಮ್ಮಾ. ಖಾಲಿ ಟಂಟಂ ಒಯ್ಯಬ್ಯಾಡ, ಅವ್ವಗ ಒಂದ್ ಗಂಟು ರೊಟ್ಟಿ ಒಯ್ಯಿ" ಎಂದಳು. ಅಲ್ಲಿಯವರೆಗೆ ತಮ್ಮ ನಡತೆ ಮೆಚ್ಚುವಂಥದೇ. ಆದರೆ ಆಮೇಲೆ ಅವಳು ಬಾಜೂಕಿನ, ಅಂದರೆ ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತೆರೆದು, ರಸ್ತೆಯ ಕಡೆಗೆ ಮುಖ ಮಾಡಿ, "ಹತ್ರಿ ಮಾಮಾ. ಸಂತ್ಯಾಗ ನಾ ತೂಗಿ ಕೊಡಾಕಿ, ಒದರಾಕ ಒಬ್ಬರು ಬೇಕು" ಎಂದಳು. ನಾನು ಮಹಾದೇವಕ್ಕನತ್ತ ನೋಡಿದೆ. ಅವಳು ಬೇಕೆಂದೇ ಬೇವಿನ ಗಿಡವನ್ನು ನೋಡುತ್ತಿದ್ದಳು. ತಮ್ಮತ್ತ ನೋಡಿದೆ. ಇಂಜಿನ್ ಎದ್ದೊಡನೆ ಕೆಲಸ ಮುಗಿಸಿ ಹಿಂದೆ ಸರಿದು ಸುಮ್ಮನಾಗುವುದು ತಮ್ಮ ಜಾತಿಯ ಧರ್ಮವಂತೆ. ಅಗತ್ಯದ ಗಳಿಗೆಯಲ್ಲಿ ಮಧ್ಯಸ್ಥನು ಹೀಗೆ ಕೈಕೊಡಬಹುದೇ? ಮನೆತನದ ಪದ್ಧತಿಯನ್ನು ಕಾಪಾಡಲು ಒಂದು ಟಕ್ ಆದರೂ ಅನ್ನಬಾರದಿತ್ತೇ? ಗತ್ಯಂತರವಿಲ್ಲದೆ ನಾನೇ ಉತ್ತರಿಸಬೇಕಾಯಿತು. "ಹತ್ತೇನವಾ" ಎಂದೆ. ಪೂರ್ವಪೀಠಿಕೆಯಿಲ್ಲದೆ, ಉಪಸಂಹಾರವಿಲ್ಲದೆ ನಾನು ಮಾಡಿದ ಏಕೈಕ ಭಾಷಣ ಅದು.

ಗುಡಗೇರಿಯ ಸಂತೆಯಲ್ಲಿ ಜೋಳದ ರೊಟ್ಟಿಯ ಪರವಾಗಿ ನಾನು ಮಂಡಿಸಿದ ವಾದವನ್ನು ಕೇಳಿ ಒಬ್ಬ ಹೆಣ್ಣುಮಗಳು, "ಯಜಮಾನ್ರ, ಭಾಷಣ ಆಮ್ಯಾಲೆ ಮಾಡ್ರಿ, ಮದ್ಲ ರೊಟ್ಟಿ ಕೊಡ್ರಿ" ಎಂದಳು. ಮಧ್ಯಾಹ್ನದ ಹೊತ್ತಿಗೆ ಗಂಟುಗಳು ಬರಿದಾಗಿದ್ದವು, ನನ್ನ ಗಂಟಲೂ. ಹಿಂದಿರುಗುವಾಗ ಹಾದಿಯುದ್ದಕ್ಕೂ ಮಹಾನಂದಾ ಕಲ್ಮೇಶನ ಸುದ್ದಿ ಹೇಳಿದಳು: ಅವನು ಯಾವ ಖಾನಾವಳಿಯವರೊಡನೆ ಜಗಳಾಡಿದ್ದ, ಯಾವ ತಿರುವಿನಲ್ಲಿ ಕಾರನ್ನು ಕೆಸರಿಗೆ ಇಳಿಸಿದ್ದ, ಯಾರ ಮುಂದೆ ನನ್ನ ಹಾಗೆ ಮಾತನಾಡಿ ತೋರಿಸಿ ನಗಿಸುತ್ತಿದ್ದ. ದನಿ ಹೋಗಿದ್ದುದರಿಂದ ನಾನು ಅಡ್ಡ ಬಾಯಿ ಹಾಕದೆ ಎಲ್ಲವನ್ನೂ ಕೇಳಬೇಕಾಯಿತು. ಈ ನಷ್ಟಕ್ಕೆಲ್ಲ ತಾವೇ ಹೊಣೆ. ಪರಿಹಾರವಾಗಿ, ಇನ್ನುಮುಂದೆ ಪ್ರತಿ ಸಂತೆಯ ದಿನವೂ ತಾವು ಮೊದಲ ಕೀಲಿಗೇ ಏಳತಕ್ಕದ್ದು, ನನಗೆ ವಾದಿಸಲು ಯಾವ ಆಸ್ಪದವನ್ನೂ ಕೊಡತಕ್ಕದ್ದಲ್ಲ ಎಂದು ಪ್ರಾರ್ಥಿಸುತ್ತೇನೆ. ಪ್ರಾರ್ಥನೆ ಅಸಾಧ್ಯವೆಂದು ಕಂಡರೆ ತಕ್ಷಣ ಟಕ್ ಎಂದು ತಿಳಿಸಬೇಕು; ಈ ಸಲ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗುವುದು.

ತಮ್ಮ ಬೆನ್ನಿಗೆ ಪಾನಾದಿಂದ ಬಡಿದವನಾದರೂ, ತಮ್ಮ ವಿಶ್ವಾಸಿ,
ಮಡಿವಾಳೆಪ್ಪ
ಸಂಶಿ

ವಿ. ಸೂ.: ತಮ್ಮ ನೆರೆಯವರಾದ ಹಾರ್ನ್ ಈ ವಾರದಿಂದ ಮಾತು ನಿಲ್ಲಿಸಿದ್ದಾರೆ. ನಾನು ಮೀಟರ್ ಹಿಡಿದು ಹೊರಟಿದ್ದೆ, ಆಮೇಲೆ ಅದನ್ನು ಕೆಳಗಿಟ್ಟು, "ಹಾರ್ನಿಗೆ ಏನಾಗೇತವಾ ಮಹಾನಂದಾ?" ಎಂದು ನೇರವಾಗಿ ಕೇಳಿದೆ. "ಏನೂ ಆಗಿಲ್ರಿ ಮಾಮಾ. ವೈರ್ ನಾನ ಬಿಚ್ಚೀನಿ. ಬಾಜೂಕ ನೀವು ಕುಂತಿರ್ತೀರೆಲ್ಲಾ, ಅದ್ಯಾಕ್ ಬೇಕು?" ಎಂದಳು. ಈ ಕಾರಿನಲ್ಲಿ ಯಾರ ಹುದ್ದೆಯೂ ಶಾಶ್ವತವಲ್ಲವೆಂಬುದು ತಮ್ಮ ಗಮನಕ್ಕೆ ಇರಲಿ.